ಪರಿಷತ್ತು ಪರಿಷೆಯಾದ ಬಗೆ

ತೊಗಲು ಗೊಂಬೆ ಹಳತಾಗಿ, ಬಣ್ಣ ಮಾಸಿ, ಅಂಚು ಹರಿದು, ಇನ್ನು ಪರದೆಯ ಮೇಲೆ ನಿಲ್ಲಲಾರದು ಎಂದಾದಾಗ, ಆಟ ಆಡಿಸುವ ಕಿಳ್ಳೇಕ್ಯಾತರು ಅದನ್ನು ತಿಪ್ಪೆಗೆ ಎಸೆಯುವುದಿಲ್ಲ. ಹೊಳೆಗೆ ಒಯ್ದು ನೀರಿಗೆ ಬಿಡುತ್ತಾರೆ. ರಾಮನಾಗಿ, ಸೀತೆಯಾಗಿ, ರಾವಣನಾಗಿ ಮನೆಯವರ ಜೊತೆ ಊರೂರು ತಿರುಗಿದ ಗೊಂಬೆಗೆ ಮನೆಮಂದಿಗೆ ಸಲ್ಲುವ ಮರ್ಯಾದೆಯೇ ಸಲ್ಲಬೇಕೆಂಬುದು ಅವರಲ್ಲಿ ನಡೆದುಬಂದ ರೂಢಿ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿರುವ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗೆ ಹೋಗಿ ಆ ಗೊಂಬೆಗಳ ಮುಂದೆ ನಿಂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಹೊಳೆ. ನೀರಿನ ದಾರಿ ಹಿಡಿದಿದ್ದ ಗೊಂಬೆಯನ್ನು ಯಾರೋ ನಡುದಾರಿಯಲ್ಲಿ ತಡೆದು, ಸ್ವಲ್ಪ ತಾಳಿ, ಇದನ್ನು ಇನ್ನಷ್ಟು ಜನ ನೋಡಬೇಕು ಎಂದಿದ್ದಾರೆ. ಹಾಗೆ ತಡೆದವರ ಕಥೆಯನ್ನು ಹೇಳದೆ ಈ ಸಂಸ್ಥೆಯ ಕಥೆ ಹೇಳಲಾಗುವುದಿಲ್ಲ.

ಪರಿಷತ್ತು ಹುಟ್ಟಿದ್ದು 1960ರಲ್ಲಿ. ರಾಜ್ಯದ ಹೆಸರು ಆಗಿನ್ನೂ ಮೈಸೂರು. ಕರ್ನಾಟಕ ಎಂದಾಗಲು 1973ರ ರಾಜ್ಯೋತ್ಸವದವರೆಗೆ ಕಾಯಬೇಕಿತ್ತು. ಕಲಾವಿದ, ಮೇಷ್ಟ್ರು ಎಂ. ಎಸ್. ನಂಜುಂಡರಾವ್ ಮತ್ತು ಅವರ ಒಡನಾಡಿ ಎಂ. ಆರ್ಯಮೂರ್ತಿ ಸೇರಿ ಕಟ್ಟಿದ ಸಂಸ್ಥೆ ಇದು. ಅಂದಿನ ಬೆಂಗಳೂರಿನಲ್ಲಿ ಚಿತ್ರ ಕಲಿಯುವುದಕ್ಕೆ ದಾರಿ ಇರಲಿಲ್ಲವೆಂದಲ್ಲ. ಎ. ಎನ್. ಸುಬ್ಬರಾಯರ ಕಲಾಮಂದಿರ 1919ರಿಂದಲೇ ಪಾಠ ಹೇಳುತ್ತಿತ್ತು. ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಇತ್ತು, ಧಾರವಾಡದಲ್ಲಿ 1935ರಲ್ಲಿ ಡಿ. ವಿ. ಹಾಲಭಾವಿಯವರು ಕಟ್ಟಿದ ಶಾಲೆ ಇತ್ತು. ಚಿತ್ರ ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬಹುದಿತ್ತು. ಕಬ್ಬನ್ ಪಾರ್ಕಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕಂತೂ ಆಗಲೇ ಒಂದು ಶತಮಾನ ತುಂಬುತ್ತ ಬಂದಿತ್ತು. ಆದರೆ ಅಲ್ಲಿದ್ದವೆಲ್ಲ ಬಹುಪಾಲು ಅರಮನೆಯ ಕಣ್ಣಿಗೆ, ಇಲ್ಲವೇ ದೊರೆತನದ ಕಣ್ಣಿಗೆ ಬೆಲೆಯುಳ್ಳವೆಂದು ತೋರಿದ ವಸ್ತುಗಳು. ಹಳ್ಳಿಯ ಜಗಲಿಯ ಮೇಲೆ, ಗುಡಿಯ ಬಯಲಲ್ಲಿ, ಕಂಬಳಿ ಕಟ್ಟಿದ ಗೂಡಿನೊಳಗೆ ನಡೆಯುತ್ತಿದ್ದ ಕಲೆಯನ್ನು ಚಿತ್ರಕಲೆಯೆಂದೇ ಕರೆದು, ಅದಕ್ಕೊಂದು ಗೋಡೆ ಕೊಡುವ ಮನಸ್ಸು ಆಗಿನ್ನೂ ನಗರದಲ್ಲಿ ಬೇರೂರಿರಲಿಲ್ಲ.

ನಂಜುಂಡರಾಯರ ಹಿರಿಮೆ ಇರುವುದು ಇಲ್ಲಿ ಎಂದು ನಾನು ನಂಬಿದ್ದೇನೆ. ಅವರು ಕಟ್ಟಿದ್ದು ಒಂದು ಕಲಾಶಾಲೆಯನ್ನು ಮಾತ್ರವಲ್ಲ, ಕಲಾಶಾಲೆಯ ಹುಡುಗರ ಕಣ್ಣೆದುರು ದಿನವೂ ಇರುವಂಥ ಒಂದು ಸಂಗ್ರಹವನ್ನು. ಅದರಲ್ಲಿ ಅವರ ಜೀವ ಇದ್ದದ್ದು ಎರಡು ಕಡೆ: ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿ ಮತ್ತು ತೊಗಲು ಗೊಂಬೆಗಳಲ್ಲಿ. ಒಂದು ಅರಮನೆಯ ನೆರಳಲ್ಲಿ ಬೆಳೆದದ್ದು, ಇನ್ನೊಂದು ಊರ ಹೊರಗಿನ ಗುಡಾರದಲ್ಲಿ. ಎರಡನ್ನೂ ಒಂದೇ ಸೂರಿನಡಿ ಇಟ್ಟು, ಎರಡಕ್ಕೂ ಒಂದೇ ಗೌರವ ಸಲ್ಲಲಿ ಎಂದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ತೊಗಲು ಗೊಂಬೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೇಕೆಯ ಚರ್ಮವನ್ನು ನೆನೆಹಾಕಿ, ಕೂದಲು ಹೆರೆದು, ಬಿಗಿಯಾಗಿ ಎಳೆದು ಕಟ್ಟಿ ಒಣಗಿಸಿದರೆ ಅದು ಬೆಳಕನ್ನು ಒಳಗೆ ಬಿಟ್ಟುಕೊಳ್ಳುವಷ್ಟು ತೆಳುವಾಗುತ್ತದೆ. ಅದರ ಮೇಲೆ ಆಕಾರ ಗೀರಿ, ಸಣ್ಣ ಉಳಿಗಳಿಂದ ಒಂದೊಂದೇ ತೂತು ಕೊರೆಯುತ್ತಾರೆ. ಕಿರೀಟದ ಮಣಿ, ಸೆರಗಿನ ಅಂಚು, ತೋಳಬಂದಿಯ ಹೂವು, ಎಲ್ಲವೂ ಆ ತೂತುಗಳೇ. ದೀಪ ಹಚ್ಚಿದಾಗ ಅವೇ ಆಭರಣಗಳಾಗಿ ಮಿನುಗುತ್ತವೆ. ಬಣ್ಣವನ್ನು ಎರಡೂ ಬದಿಗೆ ಹಚ್ಚುತ್ತಾರೆ. ಕರ್ನಾಟಕದ ಗೊಂಬೆಗಳ ಒಂದು ವಿಶೇಷವೆಂದರೆ ಎಲ್ಲವೂ ಒಂಟಿ ಪಾತ್ರಗಳಲ್ಲ. ಒಂದೇ ತೊಗಲಿನಲ್ಲಿ ರಥ, ಕುದುರೆ, ಸಾರಥಿ, ವೀರ ಎಲ್ಲರೂ ಇರುವಂಥ ಇಡೀ ದೃಶ್ಯದ ಗೊಂಬೆಗಳೂ ಉಂಟು. ಗೇಣುದ್ದದ ಗೊಂಬೆಯೂ ಉಂಟು, ನಿಲ್ಲಿಸಿದರೆ ಎದೆಮಟ್ಟಕ್ಕೆ ಬರುವಂಥದ್ದೂ ಉಂಟು. ಚಿಕ್ಕ ತೊಗಲು ಗೊಂಬೆಯಾಟ, ದೊಡ್ಡ ತೊಗಲು ಗೊಂಬೆಯಾಟ ಎಂದು ಆಟಕ್ಕೇ ಎರಡು ಬಗೆ. ಇನ್ನೂ ಒಂದು ಲೆಕ್ಕವಿದೆ: ದೇವರು, ರಾಜ ದೊಡ್ಡ ಗೊಂಬೆ, ಸೇವಕ, ಸಾಮಾನ್ಯ ಚಿಕ್ಕ ಗೊಂಬೆ. ಸಮಾಜದ ಏಣಿಯೇ ಅಳತೆಯಾಗಿ ತೊಗಲಿನ ಮೇಲೆ ಇಳಿದಿದೆ.

ಆಟ ಶುರುವಾಗುವುದು ಗಣಪತಿಯಿಂದ. ಬಿಳಿ ಪರದೆಯ ಹಿಂದೆ ಹರಳೆಣ್ಣೆಯ ದೀಪ ತೂಗುಬಿಟ್ಟು, ಮನೆಯ ಗಂಡಸರು ಹೆಂಗಸರು ಕೂಡಿ ಹಾಡಿ, ಮಾತಾಡಿ, ರಾಮಾಯಣವನ್ನೋ ಭಾರತವನ್ನೋ ಬೆಳಗಿನವರೆಗೆ ನಡೆಸುತ್ತಾರೆ. ನಡುನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ನುಗ್ಗುತ್ತವೆ. ಆ ಜೋಡಿಗೆ ರಾಮಾಯಣದ ಹಂಗಿಲ್ಲ. ಊರಿನ ಅಂದಂದಿನ ಸುದ್ದಿಯೆಲ್ಲ ಅವರ ಬಾಯಲ್ಲಿ ಬರಬಹುದು. ಮಳೆ ಬರಲೆಂದು, ದನಕರುಗಳಿಗೆ ಬಂದ ಜಾಡ್ಯ ಹೋಗಲೆಂದು ಊರವರು ಆಟ ಆಡಿಸುತ್ತಿದ್ದರು. ಹಾಗಾಗಿ ಅದು ನೋಡಿ ಮರೆಯುವ ಮನರಂಜನೆ ಆಗಿರಲಿಲ್ಲ. ಊರು ತನಗೆ ಬೇಕಾದ್ದನ್ನು ಕೇಳಿಕೊಳ್ಳುವ ಒಂದು ವಿಧಾನವಾಗಿತ್ತು.

ಇಂಥ ಗೊಂಬೆಯನ್ನು ಪೆಟ್ಟಿಗೆಯಿಂದ ಎತ್ತಿ ತಂದು ಗೋಡೆಗೆ ನಿಲ್ಲಿಸುವುದು ಸರಿಯೇ? ಕೇಳಲೇಬೇಕಾದ ಪ್ರಶ್ನೆ ಇದು. ಕಲಾಸಂಗ್ರಹಾಲಯಗಳ ಬಗ್ಗೆ ಇಂದು ಜಗತ್ತಿನ ಎಲ್ಲೆಡೆ ಇದೇ ಪ್ರಶ್ನೆ ಎದ್ದಿದೆ. ದೀಪವಿಲ್ಲದ, ಹಾಡಿಲ್ಲದ, ಕೈಯಿಲ್ಲದ ಗೊಂಬೆ ಅರ್ಧ ಗೊಂಬೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ದಶಕಗಳಲ್ಲಿ ಏನಾಗುತ್ತಿತ್ತೆಂಬುದನ್ನೂ ನೆನೆಯಬೇಕು. ಸಿನಿಮಾದ ಟೆಂಟುಗಳು ಹಳ್ಳಿಗೆ ಬಂದಿದ್ದವು. ರಾತ್ರಿಯಿಡೀ ಆಟ ಕೂರುವ ಜನ ಕಡಿಮೆಯಾಗುತ್ತಿದ್ದರು. ಆಟದ ಮನೆತನಗಳ ಹುಡುಗರು ಕೂಲಿಗೆ ಹೊರಟಿದ್ದರು. ಗೊಂಬೆಗಳು ಹಳೆಯ ವಸ್ತುಗಳ ವ್ಯಾಪಾರಿಗಳ ಕೈಗೆ ಸಿಕ್ಕು, ಎಲ್ಲಿಯದು, ಯಾರದು ಎಂಬ ಗುರುತು ಕಳೆದುಕೊಂಡು ದೂರದ ಬೈಠಕ್‌ಖಾನೆಗಳನ್ನು ಸೇರುತ್ತಿದ್ದವು. ನೆರೆಯ ಆಂಧ್ರದ ನಿಮ್ಮಲಕುಂಟದಲ್ಲಿ ಅದೇ ತೊಗಲ ಕೆಲಸ ದೀಪದ ಹೊದಿಕೆಗಳಾಗಿ ತಿರುಗಿ ಅಲ್ಲಿನ ಕುಶಲಕರ್ಮಿಗಳಿಗೆ ಅನ್ನ ಕೊಟ್ಟಿತು, ಅದು ಒಳ್ಳೆಯದೇ. ಆದರೆ ಆ ಹೊದಿಕೆಗೆ ಕಥೆ ಇಲ್ಲ. ಹೊಳೆ, ವ್ಯಾಪಾರಿ, ಗೋಡೆ, ಈ ಮೂರರಲ್ಲಿ ಗೋಡೆಯನ್ನು ಆರಿಸಿಕೊಂಡದ್ದಕ್ಕೆ ನಂಜುಂಡರಾಯರಿಗೆ ನಾವು ಋಣಿಗಳು. ಅವರು ಸಂಗ್ರಹಿಸಿ ಸುಮ್ಮನಾಗಲಿಲ್ಲ. ಕರ್ನಾಟಕದ ತೊಗಲು ಗೊಂಬೆಯಾಟವನ್ನೇ ವಿಷಯವಾಗಿಟ್ಟುಕೊಂಡು ಇಂಗ್ಲಿಷಿನಲ್ಲಿ ದೊಡ್ಡ ಪುಸ್ತಕ ಬರೆದರು. ಪರಿಷತ್ತೇ ಅದನ್ನು ಪ್ರಕಟಿಸಿತು. ಇಂದಿಗೂ ಈ ಕಲೆಯ ಬಗ್ಗೆ ಓದಹೊರಟವರು ಮೊದಲು ಹುಡುಕುವ ಪುಸ್ತಕಗಳಲ್ಲಿ ಅದೂ ಒಂದು.

ಒಂದು ಭಾನುವಾರ ಆ ಗ್ಯಾಲರಿಯಲ್ಲಿ ತಂದೆಯೊಬ್ಬರು ಮಗಳನ್ನು ಹೆಗಲಿಗೇರಿಸಿಕೊಂಡು ರಾವಣನನ್ನು ತೋರಿಸುತ್ತಿದ್ದರು. ತಲೆಗಳನ್ನು ಎಣಿಸಿ ಮುಗಿಸಿದ ಆ ಹುಡುಗಿ, "ಇವನ ಬೆನ್ನು ಎಲ್ಲಿ ಅಪ್ಪಾ?" ಎಂದು ಕೇಳಿದಳು. ತಂದೆಗೆ ಉತ್ತರ ತೋಚಲಿಲ್ಲ. ತೊಗಲು ಗೊಂಬೆಗೆ ಬೆನ್ನಿಲ್ಲ. ಎರಡು ಬದಿಗೂ ಅದೇ ಮುಖ, ಅದೇ ಬಣ್ಣ. ಗೊಂಬೆ ಆಡಿಸುವವನಿಗೆ ಕಾಣುವುದೂ, ಪರದೆಯಾಚೆ ಕೂತ ಊರಿಗೆ ಕಾಣುವುದೂ ಒಂದೇ. ನಾನು ಅವರಿಗೆ ಇದನ್ನು ಹೇಳಬಹುದಿತ್ತು, ಸಂಕೋಚದಿಂದ ಹೇಳಲಿಲ್ಲ. ಆ ಮಗುವಿನ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು.

ಇನ್ನು ಮೈಸೂರು ಚಿತ್ರಗಳು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಚೆದುರಿದ ಚಿತ್ರಗಾರರ ಮನೆತನಗಳು ದಕ್ಷಿಣದ ಸಣ್ಣಪುಟ್ಟ ಆಸ್ಥಾನಗಳನ್ನು ಆಶ್ರಯಿಸಿದವು. ಅವುಗಳಲ್ಲಿ ಶ್ರೀರಂಗಪಟ್ಟಣವೂ ಒಂದು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಸಂಪ್ರದಾಯ ತನ್ನ ಪೂರ್ಣ ಕಳೆಗೆ ಬಂತು. ದೇವತೆಗಳ ರೂಪ, ಲಕ್ಷಣಗಳನ್ನು ಒಂದೊಂದಾಗಿ ವಿವರಿಸುವ ಶ್ರೀತತ್ತ್ವನಿಧಿ ಸಿದ್ಧವಾದದ್ದು ಅವರ ಆಸ್ಥಾನದಲ್ಲೇ. ಸುಟ್ಟ ಹುಣಸೆ ಕಡ್ಡಿಯ ಇದ್ದಿಲಿನಿಂದ ರೇಖೆ ಹಾಕಿ, ಆಭರಣ, ಕಂಬ, ಪ್ರಭಾವಳಿಗಳ ಮೇಲೆ ಮಕ್ಕಿ ಸಫೇದದ ಲೇಪವನ್ನು ತೆಳುವಾಗಿ ಎತ್ತರಿಸಿ, ಮೇಲೆ ಚಿನ್ನದ ರೇಕು ಕೂರಿಸಿ, ಕೊನೆಗೆ ತೆಳ್ಳನೆಯ ಕಾಗದ ಹೊದಿಸಿ ನುಣುಪಾದ ಕಲ್ಲಿನಿಂದ ಉಜ್ಜಿ ಮೆರುಗು ಕೊಡುತ್ತಾರೆ. ತಂಜಾವೂರಿನ ಚಿತ್ರ ದೂರದಿಂದಲೇ ಕರೆಯುತ್ತದೆ, ಉಬ್ಬು ಹೆಚ್ಚು, ಕಲ್ಲುಗಳ ಹೊಳಪು ಹೆಚ್ಚು. ಮೈಸೂರಿನದು ಹತ್ತಿರ ಬಂದವರಿಗೆ ಮಾತ್ರ ತನ್ನ ನವಿರನ್ನು ಬಿಟ್ಟುಕೊಡುತ್ತದೆ. 2005ರ ಹೊತ್ತಿಗೆ ಈ ಚಿತ್ರಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಆದರೆ ಇವು ಅರಮನೆಯ ಚಿತ್ರಗಳು ಮಾತ್ರವಲ್ಲ ಎಂಬುದನ್ನು ಪರಿಷತ್ತಿನ ಗೋಡೆಗಳ ಮುಂದೆ ನಿಂತಾಗ ಅರಿಯಬಹುದು. ಹಳೆಯ ಮೈಸೂರಿನ ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ ಶ್ರೀರಾಮ ಪಟ್ಟಾಭಿಷೇಕದ ಪಟವೋ ಚಾಮುಂಡೇಶ್ವರಿಯ ಪಟವೋ ಇತ್ತು. ಕರ್ಪೂರದ ಹೊಗೆ ಕುಡಿದು ಕಪ್ಪಾಗಿ, ಹಬ್ಬಕ್ಕೊಮ್ಮೆ ಒರೆಸಿಸಿಕೊಂಡು, ಮನೆ ಪಾಲಾದಾಗ ಯಾರ ಪಾಲಿಗೂ ಬೇಡವಾಗಿ ಅಟ್ಟ ಸೇರಿದ್ದವು. ಅಟ್ಟದಲ್ಲಿದ್ದುದು ಕಲೆ ಎಂದು ಮನೆಯವರಿಗೇ ಗೊತ್ತಾಗುವುದು ಅದರಂಥದ್ದನ್ನೇ ಗ್ಯಾಲರಿಯಲ್ಲಿ ನೋಡಿದಾಗ. "ಇಂಥದ್ದು ನಮ್ಮ ಅಜ್ಜಿ ಮನೇಲೂ ಇತ್ತು" ಎಂಬ ಮಾತನ್ನು ಆ ಕೋಣೆಯಲ್ಲಿ ನಾನು ಎಷ್ಟು ಬಾರಿ ಕೇಳಿದ್ದೇನೋ. ಸಂಗ್ರಹಾಲಯದಲ್ಲಿ ಜನ ಆಡುವ ಮಾತುಗಳಲ್ಲಿ ಇದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲವೆಂದೇ ನನ್ನ ಭಾವನೆ. ಈ ಸಂಪ್ರದಾಯವನ್ನು ನಮ್ಮ ಕಾಲದವರೆಗೆ ಕೈಹಿಡಿದು ತಂದ ವೈ. ಸುಬ್ರಮಣ್ಯ ರಾಜು ಅವರ ಹೆಸರಿನಲ್ಲಿ ಪರಿಷತ್ತು ಇಂದಿಗೂ ಪ್ರಶಸ್ತಿ ಕೊಡುತ್ತ ಬಂದಿದೆ.

ಈ ಎರಡು ಬೇರುಗಳ ಸುತ್ತ ಮಿಕ್ಕ ಸಂಗ್ರಹ ಬೆಳೆಯಿತು. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಪತ್ನಿ, ನಟಿ ದೇವಿಕಾರಾಣಿಯವರೊಡನೆ ನೆಲೆಸಿದ್ದ ಕಲಾವಿದ ಸ್ವೆತೋಸ್ಲಾವ್ ರೋರಿಕ್ ಪರಿಷತ್ತಿನ ದೊಡ್ಡ ಬಂಧುವಾದರು; ಅವರ ಮತ್ತು ಅವರ ತಂದೆ ನಿಕೊಲಾಸ್ ರೋರಿಕ್‌ರ ಹಿಮಾಲಯದ ಚಿತ್ರಗಳಿಗೆ ಇಲ್ಲಿ ಪ್ರತ್ಯೇಕ ಗ್ಯಾಲರಿ ಇದೆ. ಉದ್ಯಮಿ ಎಚ್. ಕೆ. ಕೇಜ್ರಿವಾಲರು ತಮ್ಮ ಸಂಗ್ರಹವನ್ನು ಕೊಟ್ಟಿದ್ದರಿಂದ ಬಂಗಾಳದ ಕಲಾವಿದರನ್ನು ನೋಡಲು ನಮ್ಮ ಮಕ್ಕಳು ಶಾಂತಿನಿಕೇತನಕ್ಕೇ ಹೋಗಬೇಕಿಲ್ಲ. ಮುದ್ರಣಕಲೆಯಲ್ಲಿ ಲೋಕವೇ ಗುರುತಿಸಿದ ಕೃಷ್ಣ ರೆಡ್ಡಿಯವರ ಕೃತಿಗಳೂ ಇಲ್ಲಿವೆ. ಜೊತೆಗೆ ಜಾನಪದ ಕಲೆ, ಶಿಲ್ಪ, ಬಾಡಿಗೆಗೆ ಕೊಡುವ ಪ್ರದರ್ಶನ ಕೋಣೆಗಳು. 1960ರ ದಶಕದಲ್ಲಿ ಶಾಲೆಯಾಗಿ ಶುರುವಾದದ್ದು ಮುಂದೆ ಪದವಿ ನೀಡುವ ಲಲಿತಕಲಾ ಕಾಲೇಜಾಗಿ ಬೆಳೆಯಿತು. ಇವೆಲ್ಲವನ್ನೂ ಈ ಸ್ಮರಣ ಸಂಚಿಕೆಯ ಬೇರೆ ಲೇಖನಗಳು ವಿವರವಾಗಿ ಹೇಳುವುದರಿಂದ ನಾನಿಲ್ಲಿ ನಿಲ್ಲುವುದಿಲ್ಲ.

ಇಷ್ಟೆಲ್ಲ ಒಳಗೆ ಬಂದ ಮೇಲೂ ಒಂದು ಕೊರತೆ ಉಳಿದಿತ್ತು. ಗೇಟು.

ಗೇಟಿಗೆ ಬೀಗ ಹಾಕಿರಲಿಲ್ಲ, ಯಾರೂ ತಡೆಯುತ್ತಲೂ ಇರಲಿಲ್ಲ. ಆದರೂ ನಮ್ಮ ಜನಕ್ಕೆ ಚಿತ್ರಶಾಲೆಯ ಗೇಟು ದಾಟುವುದೆಂದರೆ ಒಂದು ಅಳುಕು. ಗುಡಿಯೊಳಗೆ ಹೇಗಿರಬೇಕೆಂದು ಗೊತ್ತು, ಮದುವೆಮನೆಯಲ್ಲಿ ಹೇಗಿರಬೇಕೆಂದು ಗೊತ್ತು, ಗ್ಯಾಲರಿಯಲ್ಲಿ ಹೇಗಿರಬೇಕು? ಮಾತಾಡಬಹುದೇ, ಹತ್ತಿರ ಹೋಗಬಹುದೇ, ಅರ್ಥವಾಗಲಿಲ್ಲ ಎಂದು ಹೇಳಬಹುದೇ, ಬೆಲೆ ಎಷ್ಟೆಂದು ಕೇಳಿದರೆ ಕೊಳ್ಳಲೇಬೇಕೇ? ಈ ಅಳುಕನ್ನು ಕಲಾಲೋಕದವರು ಎಷ್ಟೋ ಸಲ ಜನರ ಅರಸಿಕತೆ ಎಂದು ತಪ್ಪಾಗಿ ತಿಳಿದರು. ಹಳ್ಳಿಯಲ್ಲಿ ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುವ ದೀವರ ಹೆಣ್ಣುಮಕ್ಕಳಿರುವ ನಾಡು ಇದು. ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಅದ್ದಿ, ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಯನ್ನು ನಡುಗದ ಕೈಯಲ್ಲಿ ಎಳೆಯುವವರು ಅವರು. ದಿನ ಬೆಳಗಾದರೆ ಹೊಸ್ತಿಲ ಮುಂದೆ ರಂಗೋಲಿ ಇಡುವ ನಾಡಿಗೆ ರಸಿಕತೆಯ ಬಡತನವಿಲ್ಲ. ಕೊರತೆ ಇದ್ದದ್ದು ಜನ ತಮ್ಮ ನಡೆಯಲ್ಲೇ, ತಮ್ಮ ಮಾತಿನಲ್ಲೇ ಚಿತ್ರದ ಎದುರು ನಿಲ್ಲಬಲ್ಲ ಒಂದು ಜಾಗದ್ದು.

2004ರಲ್ಲಿ ಶುರುವಾದ ಚಿತ್ರಸಂತೆ ಆ ಜಾಗವಾಯಿತು. ಜನವರಿಯ ಮೊದಲ ಭಾನುವಾರದ ಆಸುಪಾಸು, ಒಂದು ದಿನದ ಮಟ್ಟಿಗೆ, ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ ಅದನ್ನು ಚಿತ್ರಗಳಿಗೆ ಬಿಟ್ಟುಕೊಡುತ್ತಾರೆ. ಈ ರಸ್ತೆಯ ಹೆಸರಿಗೂ ಒಂದು ಹಿನ್ನೆಲೆಯಿದೆ: ಕುಮಾರಕೃಪಾ ಎಂಬುದು 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಬಂಗಲೆಯ ಹೆಸರು. ದಿವಾನರ ಸಾರೋಟು ಓಡಾಡಿದ ದಾರಿಯಲ್ಲಿ ಈಗ ವರ್ಷಕ್ಕೊಂದು ದಿನ ಬೀದರಿನಿಂದ, ಬೆಳಗಾವಿಯಿಂದ, ಕೇರಳದಿಂದ, ಬಂಗಾಳದಿಂದ ಬಂದ ಕಲಾವಿದರು ನಸುಕಿನಲ್ಲೇ ಚಿತ್ರಗಳ ಕಟ್ಟು ಬಿಚ್ಚುತ್ತಾರೆ. ಇತ್ತೀಚಿನ ಸಂತೆಗಳಲ್ಲಿ ಸುಮಾರು 1500 ಕಲಾವಿದರು ಪಾಲ್ಗೊಳ್ಳುತ್ತಿದ್ದಾರೆ. ನೋಡಲು ಬರುವವರ ಸಂಖ್ಯೆ ಲಕ್ಷಗಳಲ್ಲಿ.

ಈ ಹೆಸರನ್ನು ಆರಿಸಿದವರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ. ಮೇಳ ಎನ್ನಬಹುದಿತ್ತು, ಉತ್ಸವ ಎನ್ನಬಹುದಿತ್ತು, ಬಿನಾಲೆ ಎನ್ನಲೂಬಹುದಿತ್ತು. ಸಂತೆ ಎಂದರು. ಸಂತೆ ಎಂದರೆ ಯಾರೂ ಆಹ್ವಾನಕ್ಕೆ ಕಾಯುವುದಿಲ್ಲ. ಸಂತೆಗೆ ಉಡುಪಿನ ಚಿಂತೆ ಇಲ್ಲ, ಮಗುವನ್ನು ಎಲ್ಲಿ ಬಿಡಲಿ ಎಂಬ ಚಿಂತೆ ಇಲ್ಲ. ಅಲ್ಲಿ ಕೈಯಲ್ಲಿ ಹಿಡಿದು ನೋಡಬಹುದು, ಬೆಲೆ ಕೇಳಬಹುದು, ಕೇಳಿ ಮುಂದಕ್ಕೆ ಹೋಗಬಹುದು, ಎರಡು ಸುತ್ತು ಹಾಕಿ ಮತ್ತೆ ಅದೇ ಜಾಗಕ್ಕೆ ಬರಬಹುದು. ವಾರದ ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ನಮ್ಮ ತಾಯಂದಿರಿಗೆ ಈ ರೀತಿ ರಿವಾಜುಗಳೆಲ್ಲ ಕರತಲಾಮಲಕ. ಅವೇ ರಿವಾಜುಗಳ ಮೇಲೆ ಚಿತ್ರಗಳನ್ನು ತಂದಿಟ್ಟಾಗ ಗೇಟಿನ ಅಳುಕು ತಾನಾಗಿ ಕರಗಿತು.

ಇನ್ನೂ ಒಂದು ಮಾತು. ಬೆಂಗಳೂರಿಗೆ ರಸ್ತೆಯನ್ನು ಹಬ್ಬಕ್ಕೆ ಬಿಟ್ಟುಕೊಡುವ ಅಭ್ಯಾಸ ಹೊಸದಲ್ಲ. ಕಾರ್ತೀಕದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಎದುರಿನ ರಸ್ತೆ ಕಡಲೆಕಾಯಿ ಪರಿಷೆಗೆ ಸೇರುತ್ತದೆ. ಕರಗದ ರಾತ್ರಿ ಪೇಟೆಯ ಬೀದಿಗಳು ಕರಗಕ್ಕೆ ಸೇರುತ್ತವೆ. ಪರಿಷೆ ಎಂಬ ಪದ ಪರಿಷತ್ ಎಂಬುದರ ತದ್ಭವ ಎನ್ನುತ್ತಾರೆ ಪದಗಳ ಮೂಲ ಬಲ್ಲವರು. ಪಂಡಿತರ ಸಭೆಯ ಹೆಸರು ಜನರ ನಾಲಿಗೆಯಲ್ಲಿ ಉರುಳಿ ಉರುಳಿ, ಕಡಲೆಕಾಯಿ ರಾಶಿಗಳ ನಡುವಿನ ಜಾತ್ರೆಯ ಹೆಸರಾಗಿದೆ. ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ಅದೇ ದಾರಿಯಲ್ಲಿ ನಡೆದು ಪರಿಷೆಯಾಗುತ್ತದೆ.

ಸಂತೆಯ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೋದರೆ ಅದರ ಒಳಗುಟ್ಟು ಸ್ವಲ್ಪ ಕಾಣುತ್ತದೆ. ಫುಟ್‌ಪಾತಿನ ಕಟ್ಟೆಗೆ, ಮರದ ಬುಡಕ್ಕೆ, ಕಾಂಪೌಂಡಿನ ಗೋಡೆಗೆ ಚಿತ್ರಗಳನ್ನು ಒರಗಿಸಿರುತ್ತಾರೆ. ನೂರು ರೂಪಾಯಿಯ ಅಂಚೆಕಾರ್ಡಿನಷ್ಟು ಚಿತ್ರದ ಪಕ್ಕದಲ್ಲೇ ಲಕ್ಷ ರೂಪಾಯಿ ಮೀರಿದ ಕ್ಯಾನ್ವಾಸು. ಮಧುಬನಿ, ವಾರ್ಲಿ, ಮೈಸೂರು, ತಂಜಾವೂರು, ತೈಲವರ್ಣ, ಜಲವರ್ಣ, ಕಟ್ಟಿಗೆಯ ಕೆತ್ತನೆ, ಎಲ್ಲವೂ ಒಂದರ ಪಕ್ಕ ಒಂದು. ಸಾಲಿನಲ್ಲಿ ಯಾರನ್ನು ಎಲ್ಲಿಡಬೇಕೆಂಬ ವಿಮರ್ಶಕರ ಏಣಿ ಇಲ್ಲಿಲ್ಲ. ಸ್ಥಳದಲ್ಲೇ ಮುಖಚಿತ್ರ ಬರೆದುಕೊಡುವವರ ಮುಂದೆ ಉದ್ದ ಸಾಲು. ಅಲುಗಾಡದೆ ಕೂರಿ ಎಂದಾಗ ಕಷ್ಟಪಟ್ಟು ಉಸಿರು ಹಿಡಿದು ಕೂತ ಅಜ್ಜ, ಹಿಂದಿನಿಂದ ಹಾಳೆಯ ಮೇಲೆ ಇಣುಕುವ ಮೊಮ್ಮಕ್ಕಳು. ಕಲಾವಿದನ ಕೈ ಹೇಗೆ ಓಡುತ್ತದೆ, ಕಣ್ಣು ಮೊದಲೋ ಮೂಗು ಮೊದಲೋ, ತಪ್ಪಾದ ಗೆರೆಯನ್ನು ಹೇಗೆ ಸಂಭಾಳಿಸುತ್ತಾನೆ, ಇದೆಲ್ಲವನ್ನೂ ಜನ ನಿಂತು ನೋಡುತ್ತಾರೆ. ಮುಗಿದ ಚಿತ್ರವನ್ನು ಮಾತ್ರ ತೋರಿಸುವ ಗೋಡೆ ಕಲಿಸಲಾರದ ಪಾಠ ಇದು.

ಅದಕ್ಕಿಂತ ಮುಖ್ಯವಾದದ್ದು, ಬರೆದವರೂ ಕೊಳ್ಳುವವರೂ ಎದುರುಬದುರಾಗುವುದು. ನಡುವೆ ದಲ್ಲಾಳಿ ಇಲ್ಲ. "ಇದನ್ನು ಯಾಕೆ ಹೀಗೆ ಮಾಡಿದಿರಿ?" ಎಂದು ಬ್ಯಾಂಕಿನ ಗುಮಾಸ್ತರೊಬ್ಬರು ಕೇಳಿದರೆ ಚಿತ್ರ ಬರೆದ ಹುಡುಗಿಯೇ ಉತ್ತರ ಕೊಡಬೇಕು, ಅದೂ ಕನ್ನಡದಲ್ಲಿ, ಅವರಿಗೆ ತಿಳಿಯುವಂತೆ. ಕಲಾಶಾಲೆಯಲ್ಲಿ ಐದು ವರ್ಷ ಕಲಿತವರಿಗೂ ಆ ಐದು ನಿಮಿಷ ಕಠಿಣ ಪರೀಕ್ಷೆ.

ಸಂತೆಯ ಬಗ್ಗೆ ಆಕ್ಷೇಪಗಳೂ ಇವೆ, ಅವನ್ನು ಮುಚ್ಚಿಟ್ಟು ಇತಿಹಾಸ ಬರೆಯಲಾಗದು. ಜನಜಂಗುಳಿಯಲ್ಲಿ ಚಿತ್ರ ನೋಡುವುದು ಹೇಗೆ ಎನ್ನುತ್ತಾರೆ ಕೆಲವರು. ಕ್ಯಾಲೆಂಡರಿನಂಥ ಗಣಪತಿಗಳು, ಫೋಟೋ ನೋಡಿ ಇಳಿಸಿದ ಹುಲಿಗಳು ಹೆಚ್ಚಾಗಿ, ಗಂಭೀರವಾದ ಕೆಲಸ ಮೂಲೆಗೆ ಸೇರುತ್ತದೆ ಎನ್ನುತ್ತಾರೆ ಇನ್ನು ಕೆಲವರು. ಚೌಕಾಸಿಯಿಂದ ಕಲಾವಿದನ ಮಾನ ಹೋಗುತ್ತದೆ ಎಂಬ ಕೊರಗೂ ಇದೆ. ಈ ಮೂರರಲ್ಲಿ ಮೂರನೆಯದು ನನ್ನನ್ನೂ ಕಾಡುತ್ತದೆ. ಮೂರು ತಿಂಗಳ ದುಡಿಮೆಗೆ ಅರ್ಧ ಬೆಲೆ ಹೇಳಿ ನಡೆದುಬಿಡುವವರನ್ನು ಕಂಡಾಗ ಮನಸ್ಸು ಮುದುಡುತ್ತದೆ. ಆದರೆ ಮೊದಲ ಎರಡನ್ನು ನಾನು ಒಪ್ಪಲಾರೆ. ಮನೆಗೆ ಮೊದಲ ಬಾರಿ ಕೈಯಿಂದ ಬರೆದ ಒಂದು ಚಿತ್ರ ಬರುವುದು ದೊಡ್ಡ ಸಂಗತಿ. ಅದು ಹುಲಿಯಾದರೇನು? ಹುಲಿಯನ್ನು ಐದು ವರ್ಷ ಗೋಡೆಯ ಮೇಲೆ ನೋಡಿದವರು ಆರನೆಯ ವರ್ಷ ಬೇರೇನನ್ನಾದರೂ ಹುಡುಕಿಕೊಂಡು ಬರುತ್ತಾರೆ. ಕಣ್ಣು ಪಳಗುವುದು ನೋಡಿ ನೋಡಿಯೇ. ನಮ್ಮ ಸಂಗೀತದ ಕಿವಿ ಪಳಗಿದ್ದೂ ರಾಮನವಮಿಯ ಚಪ್ಪರಗಳಲ್ಲಿ ಪಾನಕ ಕುಡಿಯುತ್ತ ಕೂತು ಕೇಳಿಯೇ ಅಲ್ಲವೇ.

ಪ್ರತಿ ವರ್ಷದ ಸಂತೆಯನ್ನೂ ಒಂದೊಂದು ವಿಷಯಕ್ಕೆ ಅರ್ಪಿಸುವ ಪದ್ಧತಿ ಬೆಳೆದುಬಂದಿದೆ. 2019ರಲ್ಲಿ ಗಾಂಧೀಜಿಯವರ 150ನೆಯ ವರ್ಷದ ನೆನಪು, 2020ರಲ್ಲಿ ರೈತ, 2024ರಲ್ಲಿ ವಿಜ್ಞಾನಿಗಳು, 2025ರಲ್ಲಿ ಹೆಣ್ಣುಮಗು. ಗಾಂಧಿಯ ವರ್ಷದ ಸಂತೆಗೂ ಈ ನೆಲಕ್ಕೂ ನಂಟಿತ್ತು. 1927ರಲ್ಲಿ ಆರೋಗ್ಯ ಕೆಟ್ಟ ಗಾಂಧೀಜಿ ನಂದಿಬೆಟ್ಟದಲ್ಲಿ ಸುಧಾರಿಸಿಕೊಂಡು, ಮುಂದೆ ಬೆಂಗಳೂರಿಗೆ ಬಂದು ತಂಗಿದ್ದು ಇದೇ ಆಸುಪಾಸಿನ ಕುಮಾರಪಾರ್ಕಿನ ಆವರಣದಲ್ಲಿ.

2021 ಬಂದಾಗ ಕೊರೋನಾದಿಂದಾಗಿ ಸಂತೆ ಬೀದಿಗೆ ಇಳಿಯಲಿಲ್ಲ, ಆನ್‌ಲೈನಿನಲ್ಲಿ ನಡೆಯಿತು. ನಿಲ್ಲಿಸಿಬಿಡದೆ ಹಾಗಾದರೂ ನಡೆಸಿದ್ದು ದೊಡ್ಡದು. ಸಂತೆಯ ದಿನವನ್ನೇ ನಂಬಿಕೊಂಡ ಕಲಾವಿದರು ಎಷ್ಟೋ ಜನ. ಆ ಒಂದು ದಿನದ ಮಾರಾಟದಲ್ಲಿ ಮುಂದಿನ ವರ್ಷದ ಕ್ಯಾನ್ವಾಸು, ಬಣ್ಣ, ಮನೆಬಾಡಿಗೆಯ ಒಂದಷ್ಟು ಭಾಗ ಹೊರಡಬೇಕು. ಆದರೂ ಕಂಪ್ಯೂಟರಿನ ಪರದೆಯ ಮೇಲಿನ ಸಂತೆಯಲ್ಲಿ ಏನು ತಪ್ಪಿಹೋಗುತ್ತದೆಂಬುದು ಆ ವರ್ಷ ಎಲ್ಲರಿಗೂ ಅರಿವಾಯಿತು. ಹುಡುಕಿದ್ದು ಸಿಗುತ್ತಿತ್ತು, ಹುಡುಕದೇ ಇದ್ದದ್ದು ಎದುರಾಗುತ್ತಿರಲಿಲ್ಲ. 2022ರಲ್ಲಿ ಜನವರಿಯ ಬದಲು ಮಾರ್ಚ್ ಕೊನೆಯ ವಾರದಲ್ಲಿ ಬಿಸಿಲನ್ನೂ ಲೆಕ್ಕಿಸದೆ ಸಂತೆ ಮತ್ತೆ ರಸ್ತೆಗೆ ಬಂತು. 2023ಕ್ಕೆ 20ನೆಯ ಸಂತೆ.

ಈಗ ನನ್ನದೊಂದು ಆಸೆಯನ್ನು ಬರೆದುಬಿಡುತ್ತೇನೆ, ಸ್ಮರಣ ಸಂಚಿಕೆಯಲ್ಲಿ ಆಸೆಗಳಿಗೂ ಜಾಗ ಇರಬೇಕು. ನಂಜುಂಡರಾಯರು ಒಳಗೆ ತಂದ ಗೊಂಬೆಗಳೂ ಸಂತೆಯ ದಿನ ಹೊರಗೆ ಸೇರುವ ಜನರೂ ಇನ್ನೂ ಹೆಚ್ಚಾಗಿ ಪರಸ್ಪರ ಭೇಟಿಯಾಗಬೇಕು. ಲಕ್ಷ ಜನ ರಸ್ತೆಯಲ್ಲಿ ಓಡಾಡುವ ದಿನ, ಗೇಟಿನೊಳಗೆ ಕೆಲವೇ ಹೆಜ್ಜೆ ದೂರದಲ್ಲಿರುವ ಗೊಂಬೆಯ ಕೋಣೆಯವರೆಗೆ ಎಷ್ಟು ಮಂದಿ ಬರುತ್ತಾರೆ? ಪ್ರತಿ ಗೊಂಬೆಯ ಪಕ್ಕದಲ್ಲಿ ಅದು ಬಂದ ಊರಿನ ಹೆಸರು, ಅದನ್ನು ಆಡಿಸಿದ ಮನೆತನದ ಹೆಸರು, ಅದರ ಹಾಡಿನ ಒಂದು ತುಣುಕು ಕೇಳಿಸುವ ಅನುಕೂಲ ಇರಲಿ. ಆ ಮನೆತನದ ಮಕ್ಕಳು ಬಂದು, ಇದು ನಮ್ಮ ತಾತನ ಕೈ ಎಂದು ಬೆರಳು ತೋರಿಸುವ ದಿನವೂ ಬರಲಿ. ಗ್ಯಾಲರಿಯ ಒಂದು ಮೂಲೆಯಲ್ಲಾದರೂ ಬಿಳಿ ಪಂಚೆಯ ಪರದೆ ಕಟ್ಟಿ, ಹಿಂದೆ ದೀಪವಿಟ್ಟು, ಒಂದು ಗೊಂಬೆಯನ್ನು ಅದು ಹುಟ್ಟಿದ ಬೆಳಕಿನಲ್ಲಿ ತೋರಿಸಲಿ.

ಹೀಗೆ ಕೇಳುವುದಕ್ಕೆ ನನಗೆ ಧೈರ್ಯ ಬರುವುದು ಕಲೆ ಇನ್ನೂ ಉಸಿರಾಡುತ್ತಿರುವುದರಿಂದ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಂಗಭೂಮಿಯಿಂದ ಬಂದು ತೊಗಲು ಗೊಂಬೆಗಳನ್ನು ಹಿಡಿದು, ಗಾಂಧೀಜಿಯ ಕಥೆಯನ್ನೂ ಆ ಪರದೆಯ ಮೇಲೆ ತಂದರು. 2023ರಲ್ಲಿ ಅವರು ತೀರಿಕೊಳ್ಳುವವರೆಗೆ ಆ ಕೆಲಸ ಬಿಡಲಿಲ್ಲ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಶಾಲೆಯ ಹಂಗಿಲ್ಲದೆ, ಮನೆಯೊಳಗೇ ಕಲಿತು, ಬಾಯಿಂದ ಬಾಯಿಗೆ ಬಂದ ರಾಮಾಯಣ, ಮಹಾಭಾರತಗಳನ್ನು ತೊಗಲಿನ ಗೊಂಬೆಗಳೊಂದಿಗೆ ಒಂದು ಜೀವಮಾನವಿಡೀ ನಡೆಸಿಕೊಂಡು ಬಂದ ಅಜ್ಜಿ ಅವರು. ಅವರ ಮನೆಯಲ್ಲಿ ಗೊಂಬೆಗಳು ಇನ್ನೂ ಪೆಟ್ಟಿಗೆಯಲ್ಲಿವೆ, ಗಣಪತಿಯೊಂದಿಗೆ ಹೊರಗೆ ಬರುತ್ತವೆ. ಅವುಗಳ ಹೊಳೆಯ ದಾರಿ ಇನ್ನೂ ದೂರ ಇದೆ.